ಕೊಂಡದ್ದು, ಕಡ ತಂದದ್ದು

ಅಜ್ಜಿಯ ಅಳಗುಳಿಮಣೆ ಅಮ್ಮನಿಗೆ ಬಂತು, ಅಮ್ಮನಿಂದ ಮಾರತ್ತಹಳ್ಳಿಯ ನಮ್ಮ ಮನೆಗೆ ಬಂತು. ಕಂಪ್ಯೂಟರಿನ ಆಟಗಳಿಗೆ ಈ ಭಾಗ್ಯ ಬಹುಕಾಲ ಇರಲಿಲ್ಲ.

1989ರಲ್ಲಿ ವಿಲ್ ರೈಟ್ ಎಂಬ ಅಮೆರಿಕನ್ ರೂಪಿಸಿದ ‘ಸಿಮ್‌ಸಿಟಿ’ಯಲ್ಲಿ ಹೊಡೆದಾಟವಿಲ್ಲ. ರಸ್ತೆ ಹಾಕಿ, ವಿದ್ಯುತ್ ಎಳೆದು, ತೆರಿಗೆ ಎತ್ತಿ ಊರು ಕಟ್ಟಬೇಕು. 1993ರ ‘ಸಿಮ್‌ಸಿಟಿ 2000’ದಲ್ಲಿ ನೆಲದಡಿ ನೀರಿನ ಕೊಳವೆಗಳನ್ನೂ ಹೂಳಬೇಕಾಯಿತು. ಟ್ಯಾಂಕರಿನ ದಾರಿ ಕಾಯುವ ನಮ್ಮ ಬಡಾವಣೆಯ ಹೆಂಗಸರಿಗೆ ಈ ಆಟವನ್ನು ವಿವರಿಸಬೇಕಿಲ್ಲ!

ಆಗ ಆಟಗಳು ಫ್ಲಾಪಿಯಲ್ಲೋ ಸಿ.ಡಿ.ಯಲ್ಲೋ ಬರುತ್ತಿದ್ದವು. ಯಂತ್ರಗಳು ಬದಲಾದ ಮೇಲೆ ಸಿ.ಡಿ. ಇದ್ದರೂ ಆಟ ನಡೆಯದಾಯಿತು. 2008ರಲ್ಲಿ ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ ಕಂಪನಿ ‘ಗುಡ್ ಓಲ್ಡ್ ಗೇಮ್ಸ್’ ಎಂಬ ಅಂಗಡಿಯನ್ನು ಇಂಟರ್‌ನೆಟ್ಟಿನಲ್ಲಿ ತೆರೆಯಿತು. ಹಕ್ಕುದಾರರನ್ನು ಒಪ್ಪಿಸಿ, ಹಳೆಯ ಆಟಗಳನ್ನು ಹೊಸ ಯಂತ್ರಕ್ಕೆ ಒಗ್ಗಿಸಿ, ಬೀಗ ಹಾಕದೆ ಮಾರುವುದು ಅದರ ಪದ್ಧತಿ. ಹಳೆಯ ಕಂಪ್ಯೂಟರಿನಂತೆ ನಟಿಸುವ ‘ಡಾಸ್‌ಬಾಕ್ಸ್’ ಎಂಬ ತಂತ್ರಾಂಶ ಇದಕ್ಕೆ ನೆರವಾಯಿತು. ನನ್ನ ಮಗಳು ‘ಸಿಮ್‌ಸಿಟಿ 2000’ ಕೊಂಡದ್ದು ಅಲ್ಲಿಂದಲೇ.

ಇಲ್ಲೊಂದು ಸೂಕ್ಷ್ಮವಿದೆ. ಇಂಥ ಅಂಗಡಿಗಳಲ್ಲಿ ‘ಕೊಳ್ಳುವುದು’ ಎಂದರೆ ಸಾಮಾನ್ಯವಾಗಿ ಆಡಲು ಅನುಮತಿ ಪಡೆಯುವುದಷ್ಟೆ. ಈ ಸಂಗತಿಯನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಕಾನೂನು ಮಾಡಿತು. ಬೀಗವಿಲ್ಲದ ಆಟವೂ ಕಾಗದದ ಮೇಲೆ ಅನುಮತಿಯೇ. ಆದರೆ ಅದನ್ನು ಇಳಿಸಿಕೊಂಡು ಜೋಪಾನ ಮಾಡಿದರೆ ಅಂಗಡಿ ಮುಚ್ಚಿದರೂ ಆಟ ನಮ್ಮಲ್ಲಿ ಉಳಿಯುತ್ತದೆ. ಮಗಳು ಹಾಗೆಯೇ ಮಾಡಿ, ಪುಟ್ಟ ಡಿಸ್ಕೊಂದನ್ನು ನನ್ನ ಬೀರುವಿಗೆ ಸೇರಿಸಿದ್ದಾಳೆ.

ಪಾತ್ರೆಗಳ ಮೇಲೆ ಹೆಸರು ಕೊರೆಸುವವರು ನಾವು. ಕೊಂಡದ್ದಕ್ಕೂ ಕಡ ತಂದದ್ದಕ್ಕೂ ಇರುವ ಅಂತರವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.