ನೆಲವನ್ನು ಸೀಳುವ ಮೃಗ

ದುದ್ದ, ಚನ್ನರಾಯಪಟ್ಟಣಗಳ ಸೀಮೆಯವರಿಗೆ ಮಿಶ್ರಮೃಗಗಳು ಹೊಸತಲ್ಲ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದ ಭಿತ್ತಿಯಲ್ಲಿ ಆನೆಯ ಸೊಂಡಿಲೂ ನವಿಲಿನ ಬಾಲವೂ ಕೂಡಿದ ಮಕರಗಳ ಸಾಲಿರುವುದಷ್ಟೆ. ಅಂಥದೇ ಇನ್ನೊಂದು ಮೃಗವು ಅಮೆರಿಕಾ ದೇಶದ ಒಂದು ಆಟದಲ್ಲಿ ಹುಟ್ಟಿತು. ಮೇಜಿನ ಸುತ್ತ ಕುಳಿತು, ದಾಳಗಳನ್ನುರುಳಿಸಿ, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ ಕಥೆಯನ್ನು ನಡೆಯಿಸುವ ಆ ಕ್ರೀಡೆಯು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಿಂದ 1974ರಲ್ಲಿ ಪ್ರಕಟವಾಯಿತು.

ಮೃಗದ ಹೆಸರು ‘ಬುಲೇ’. ನೆಲದೊಳಗೆ ಬಿಲ ಕೊರೆದು ಸಂಚರಿಸುವುದು, ಪಥಿಕರ ಕಾಲಡಿಯಿಂದ ಹಠಾತ್ತನೆ ಮೇಲಕ್ಕೇಳುವುದು ಇದರ ಸ್ವಭಾವ. ಕುದುರೆಯ ಮಾಂಸವೆಂದರೆ ಬಲು ಇಷ್ಟವಂತೆ! ಹುಚ್ಚು ಮಾಂತ್ರಿಕನೊಬ್ಬನು ಆಮೆಯನ್ನೂ ಆರ್ಮಡಿಲ್ಲೊ ಎಂಬ ಕವಚಧಾರಿ ಪ್ರಾಣಿಯನ್ನೂ ಕೂಡಿಸಿ, ಅಸುರರಕ್ತವನ್ನು ಬೆರೆಯಿಸಿ ಇದನ್ನು ಸೃಜಿಸಿದನೆಂಬುದು ಆ ಆಟದ ಪುರಾಣ.

ಪುರಾಣಕ್ಕಿಂತ ವಾಸ್ತವವೇ ಸ್ವಾರಸ್ಯವಾದುದು. ಕ್ರೀಡಾಕರ್ತರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸರು ಅಗ್ಗದ ಅಂಗಡಿಯೊಂದರಲ್ಲಿ ಹಾಂಗ್‌ಕಾಂಗಿನ ಪ್ಲಾಸ್ಟಿಕ್ ಗೊಂಬೆಗಳನ್ನು ಕೊಂಡಿದ್ದರು. ಅವುಗಳಲ್ಲಿ ಹೆಸರಿಲ್ಲದ ಒಂದು ಗೊಂಬೆಗೆ ಟಿಮ್ ಕಾಸ್ಕರು 1976ರಲ್ಲಿ ‘ದಿ ಡ್ರ್ಯಾಗನ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ನಾಮವನ್ನೂ ಗುಣಗಳನ್ನೂ ಕೊಟ್ಟರು.

ನುಗ್ಗೇಹಳ್ಳಿಯಲ್ಲಿ, 1246ರಷ್ಟು ಹಿಂದೆಯೇ, ಬೈಚೋಜ, ಮಲ್ಲಿತಮ್ಮರೆಂಬ ರೂವಾರಿಗಳು ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಕೊರೆದಿರುವರು. ಹಾಂಗ್‌ಕಾಂಗಿನಲ್ಲಿ ಆ ಗೊಂಬೆಯ ಅಚ್ಚನ್ನು ಕಡೆದವನಿಗೆ ಆಟದ ಚರಿತ್ರೆಯಲ್ಲಿ ಒಂದು ಗೆರೆಯೂ ದೊರೆತಿಲ್ಲ.