ಕಾಲುಪೇಟಿಯಿಂದ ಕ್ಯಾಸಿಯೊವರೆಗೆ: ಮೂಕವಾದ ಕೀಗಳ ಕತೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಜಾತ್ರೆ ಎಂದರೆ ನಾಟಕ. ನಾಟಕ ಎಂದರೆ ಪೇಟಿ. ಹಾರ್ಮೋನಿಯಂಗೆ ಉತ್ತರ ಕರ್ನಾಟಕದ ಜನ ಇಟ್ಟ ಹೆಸರು ಅದು. ಈಗ ಅದರ ಜಾಗದಲ್ಲಿ ಹೆಚ್ಚಾಗಿ ಎಲೆಕ್ಟ್ರಾನಿಕ್ ಕೀಬೋರ್ಡ್ ಕುಳಿತಿದೆ. ಯಾವ ಕಂಪನಿಯದೇ ಆಗಿರಲಿ, ಜನರ ಬಾಯಲ್ಲಿ ಅದು ‘ಕ್ಯಾಸಿಯೊ’. ಹಳತಾದಂತೆ ಅದರ ಕೆಲವು ಕೀಗಳು ಒತ್ತಿದರೂ ನುಡಿಯುವುದಿಲ್ಲ. ‘ಸತ್ತುಹೋಗಿದೆ’ ಎಂದು ವಾದ್ಯವನ್ನೇ ಮೂಲೆಗೆ ಸರಿಸುವುದುಂಟು. ನಿಜವಾಗಿ ಸತ್ತಿರುವುದು ಅಪರೂಪ.

ಹಾರ್ಮೋನಿಯಂ ನಮ್ಮ ನೆಲದ್ದಲ್ಲ. ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆ 1842ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಕಲ್ಕತ್ತೆಯಲ್ಲಿ ದ್ವಾರಕಾನಾಥ ಘೋಷ್ 19ನೇ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ನೆಲದ ಮೇಲೆ ಕುಳಿತು ನುಡಿಸುವ ಕೈಪೇಟಿಯಾಗಿ ಮಾರ್ಪಡಿಸಿದರು. ವಿಜಾಪುರ ಸೀಮೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಮರಾಠಿ ಸಂಗೀತ ನಾಟಕಗಳ ಗಾಳಿ ಇಲ್ಲಿಗೆ ಸಹಜವಾಗಿಯೇ ಬೀಸಿತು. ಕಂಪನಿ ನಾಟಕಗಳಲ್ಲಿ ನೆಲೆನಿಂತದ್ದು ಕಾಲುಪೇಟಿ. ಕಾಲಿನಿಂದ ತಿದಿ ಒತ್ತುವುದರಿಂದ ಎರಡೂ ಕೈ ಬಿಡುವಾಗಿ, ರಂಗದ ಮೇಲಿನ ನಟನ ಕಂಠಕ್ಕೆ ಬೆನ್ನು ಹತ್ತಿ ಹೋಗಲು ಪೇಟಿ ಮಾಸ್ತರನಿಗೆ ಅನುಕೂಲವಾಯಿತು.

ಪೇಟಿಯ ಕೀಗಳೂ ಮೂಕವಾಗುತ್ತಿದ್ದವು. ಹಿತ್ತಾಳೆಯ ರೀಡಿನ ನಾಲಿಗೆಗೂ ಚೌಕಟ್ಟಿಗೂ ನಡುವೆ ಧೂಳಿನ ಕಣವೊಂದು ಸಿಕ್ಕಿಕೊಂಡರೆ ಸಾಕು, ಸ್ವರ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಕೀ ಬಿಗಿಯುತ್ತದೆ. ಇಂಥ ದೋಷ ಕಣ್ಣಿಗೆ ಕಾಣುತ್ತದೆ. ತೆಳ್ಳನೆಯ ಕಾಗದದಿಂದ ಧೂಳು ತೆಗೆಯಬಹುದು. ಉಬ್ಬಿದ ಕಟ್ಟಿಗೆಯನ್ನು ತುಸು ತೀಡಬಹುದು. ರೀಡೇ ಮುರಿದರೆ ಹೊಸದನ್ನು ಕೂಡಿಸಬಹುದು. ಗುಜರಾತಿನ ಪಾಲಿತಾಣಾ ಈ ರೀಡುಗಳಿಗೆ ಹೆಸರಾದ ಊರು.

ಜಪಾನಿನ ಕ್ಯಾಸಿಯೊ ಕಂಪನಿ ತನ್ನ ಮೊದಲ ಕೀಬೋರ್ಡನ್ನು ಮಾರುಕಟ್ಟೆಗೆ ತಂದದ್ದು 1980ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲು, 1970ರಲ್ಲಿ ಅಮೆರಿಕದಲ್ಲಿ ಬಂದ ಮಿನಿಮೂಗ್ ಸಿಂಥಸೈಜರಿನಲ್ಲಿ ಕೀ ಒತ್ತಿದಾಗ ಸಣ್ಣ ಲೋಹದ ತಂತಿಯೊಂದು ಸರಳಿಗೆ ತಾಗುತ್ತಿತ್ತು. ಮುಂದೆ ಅಗ್ಗದ ಕೀಬೋರ್ಡುಗಳು ಬಂದಾಗ ತಂತಿಯ ಬದಲು ರಬ್ಬರ್ ಬಂತು. ಪ್ರತಿ ಕೀಯ ಕೆಳಗೂ ರಬ್ಬರಿನ ಪುಟ್ಟ ಗುಬ್ಬಿ, ಅದರೊಳಗೆ ಇಂಗಾಲ ಬೆರೆತ ಕರಿಯ ಬಿಲ್ಲೆ. ಒತ್ತಿದಾಗ ಬಿಲ್ಲೆ ಕೆಳಗಿನ ಹಲಗೆಯ ಎರಡು ಗೆರೆಗಳನ್ನು ಕೂಡಿಸುತ್ತದೆ. ವಿದ್ಯುತ್ ಹರಿದು ಸ್ವರ ಹೊರಡುತ್ತದೆ. ಒತ್ತಿನ ಬಿರುಸನ್ನೂ ಅರಿಯುವ ಕೀಬೋರ್ಡುಗಳಲ್ಲಿ ಕೀಗೆ ಇಂಥ ಎರಡು ಸ್ಪರ್ಶಗಳಿರುತ್ತವೆ. ಒಂದರಲ್ಲಿ ಕೊಳೆ ಕೂತರೂ ಕೀ ಮೌನವಾಗಬಹುದು, ಇಲ್ಲವೇ ಮೆಲ್ಲನೆ ಒತ್ತಿದರೂ ಅಬ್ಬರಿಸಬಹುದು.

ಈ ಸೀಮೆಯ ಹವೆ ಇಂಥ ಸ್ಪರ್ಶಗಳಿಗೆ ಒಗ್ಗುವಂಥದ್ದಲ್ಲ. ಬೇಸಿಗೆಯಲ್ಲಿ ಎರೆಮಣ್ಣಿನ ನುಣುಪು ಧೂಳು, ಬಾಗೇವಾಡಿಯ ಶ್ರಾವಣದ ಜಾತ್ರೆಯಲ್ಲಿ ಮಳೆಯ ತೇವ. ತಾಳಿಕೋಟೆಯ ಖಾಸ್ಗತೇಶ್ವರ ನಾಟ್ಯ ಸಂಘದಂಥ ಕಂಪನಿಗಳ ಬದುಕೇ ಊರೂರು ತಿರುಗುವುದು. 2025ರಲ್ಲಿ ನಿಧನರಾದ ಹಾಸ್ಯನಟ ರಾಜು ತಾಳಿಕೋಟೆ ಬೆಳೆದದ್ದು ಅಂಥ ರಂಗದಲ್ಲೇ. ಟೆಂಟು, ಲಾರಿಗಳ ನಡುವೆ ಸಾಗುವ ವಾದ್ಯದೊಳಗೆ ಧೂಳು ಸೇರದಿರುವುದಿಲ್ಲ.

ರಿಪೇರಿ ಮಾತ್ರ ಪೇಟಿಯದಕ್ಕಿಂತ ಬಹಳ ಬೇರೆಯಲ್ಲ. ವಿದ್ಯುತ್ ತೆಗೆದು, ಬ್ಯಾಟರಿ ಬಿಚ್ಚಿ, ಯಾವ ಸ್ಕ್ರೂ ಎಲ್ಲಿಯದೆಂದು ಗುರುತಿಟ್ಟುಕೊಂಡು ಕೀಗಳನ್ನು ಎತ್ತಬೇಕು. ರಬ್ಬರ್ ಪಟ್ಟಿಯ ಕರಿಬಿಲ್ಲೆಯನ್ನೂ ಹಲಗೆಯ ಗೆರೆಗಳನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಹಗುರವಾಗಿ ಒರೆಸಿ, ಒಣಗಿದ ಮೇಲೆ ಜೋಡಿಸಬೇಕು. ಮೊಬೈಲ್ ರಿಪೇರಿಯವರಲ್ಲಿ ಈ ದ್ರಾವಣ ಸಿಗುತ್ತದೆ. ಉಸುಕಿನ ಕಾಗದದಿಂದ ತಿಕ್ಕಿದರೆ ಇಂಗಾಲವೇ ಕಿತ್ತುಹೋಗುತ್ತದೆ. ಎಣ್ಣೆ ಬಿಟ್ಟರೆ ಇನ್ನಷ್ಟು ಧೂಳು ಅಂಟುತ್ತದೆ. ಆದರೂ ಕೀ ನುಡಿಯದಿದ್ದರೆ ರಬ್ಬರ್ ಪಟ್ಟಿಗಳನ್ನು ಅದಲುಬದಲು ಮಾಡಿ ನೋಡಬೇಕು. ದೋಷವೂ ಜಾಗ ಬದಲಿಸಿದರೆ ತಪ್ಪು ರಬ್ಬರಿನದು. ಅಲ್ಲೇ ಉಳಿದರೆ ಹಲಗೆಯದು. ಒಂದೇ ಅಂತರದಲ್ಲಿ ಸಾಲಾಗಿ ಹಲವು ಕೀಗಳು ನಿಂತಿದ್ದರೆ ಅದು ಕೊಳೆಯ ಕೆಲಸವಲ್ಲ, ತಂತಿಯೋ ಡಯೋಡೋ ಕಡಿದಿದೆ. ಅದು ಎಲೆಕ್ಟ್ರಾನಿಕ್ಸ್ ಬಲ್ಲವರ ಪಾಲು.

ಪೇಟಿ ಮಾಸ್ತರರು ವಾದ್ಯ ನುಡಿಸುವುದರ ಜತೆಗೆ ಅದನ್ನು ಬಿಚ್ಚಿ ಕೂಡಿಸುವುದನ್ನೂ ಕಲಿಯುತ್ತಿದ್ದರು. ಕೀಬೋರ್ಡ್ ಬಂದಾಗ ಪ್ಲಾಸ್ಟಿಕ್ ಮುಚ್ಚಳದೊಳಗೆ ಕೈ ಹಾಕಬಾರದೆಂಬ ಅಂಜಿಕೆಯೂ ಬಂತು. ಭಜನಾ ಮಂಡಳಿಗಾಗಲಿ, ಸಣ್ಣ ನಾಟಕ ಕಂಪನಿಗಾಗಲಿ ಹೊಸ ಕೀಬೋರ್ಡ್ ಸಣ್ಣ ಖರ್ಚಲ್ಲ. ಹತ್ತಿ ಮತ್ತು ಸ್ಕ್ರೂಡ್ರೈವರಿನಿಂದ ಸರಿಹೋಗುವ ದೋಷಕ್ಕೆ ಹಾಡು ನಿಲ್ಲಬೇಕಾಗಿಲ್ಲ.