ಪ್ರಾಚೀನ ಕರ್ನಾಟಕದ ಚಿನ್ನದ ಗಣಿಗಳಲ್ಲಿ ಆಳದ ಮಿತಿ

೧

ಗಣಿಗಳ ಇತಿಹಾಸವನ್ನು ಬರೆಯುವವರು ಎಷ್ಟು ಲೋಹ ದೊರೆಯಿತು, ಅದು ಯಾವ ಅರಸನ ಭಂಡಾರವನ್ನು ಸೇರಿತು ಎಂಬುದನ್ನು ಮೊದಲು ಕೇಳುತ್ತಾರೆ. ಎಷ್ಟು ಆಳದಿಂದ ದೊರೆಯಿತು, ಅದಕ್ಕಿಂತ ಕೆಳಕ್ಕೆ ಏಕೆ ಹೋಗಲಿಲ್ಲ ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಕಲ್ಪನೆಗೆ ಆಳದ ಅಡ್ಡಿಯಿಲ್ಲ. ಪುರಾಣದ ಪಾತಾಳದಿಂದ ಮೊದಲುಗೊಂಡು ಇಂದಿನ ಗಣಕಯಂತ್ರದ ಆಟಗಳಲ್ಲಿ ಕಟ್ಟುವ ಕಲ್ಪಿತ ರಾಜ್ಯಗಳವರೆಗೆ, ಗುದ್ದಲಿ ಹಿಡಿದವನು ತನಗೆ ಬೇಕಾದಷ್ಟು ಕೆಳಕ್ಕೆ ಇಳಿಯಬಲ್ಲನು. ವಾಸ್ತವವಾದ ಗಣಿಯಲ್ಲಿ ಹಾಗಲ್ಲ. ಅಲ್ಲಿ ಪ್ರತಿಯೊಂದು ಅಡಿಗೂ ಬೆಲೆಯುಂಟು. ಆ ಬೆಲೆಯನ್ನು ನಮ್ಮ ನಾಡಿನ ಹಳೆಯ ಚಿನ್ನದ ಗಣಿಗಳ ನಿದರ್ಶನದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಪೀಠಿಕೆಯನ್ನು ಒದಗಿಸುವ ಪ್ರದೇಶ ಗಣಿಗಳಿಗೆ ಹೆಸರಾದುದಲ್ಲ. ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯ ವರವು ಕಾವಲ್ ಮೊದಲಾದ ಹುಲ್ಲುಗಾವಲುಗಳು ಅಮೃತಮಹಲ್ ದನಗಳ ಮೇವಿಗಾಗಿ ಪ್ರಸಿದ್ಧವಾದವು. ೨೦೧೭ರಲ್ಲಿ ಅಲ್ಲಿ ವಿಮಾನಗಳ ಪರೀಕ್ಷಾ ವಲಯವೊಂದು ತೆರೆಯಿತು. ಮಳೆ ಕಡಿಮೆ, ಕುರುಚಲು ಗಿಡಗಳೇ ಹೆಚ್ಚು. ಆದರೆ ಚಿನ್ನದ ಬೆಟ್ಟವನ್ನು ಹೆಸರಿಸುವ ಅತಿ ಪ್ರಾಚೀನ ಶಾಸನ ಈ ಸೀಮೆಯದೇ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಯ ರೂಪದಲ್ಲಿದೆ. ಮೌರ್ಯ ಸಾಮ್ರಾಜ್ಯದ ದಕ್ಷಿಣ ಪ್ರಾಂತದ ರಾಜಧಾನಿ ಚಿನ್ನದ ಹೆಸರನ್ನು ಹೊತ್ತುದು ಕೇವಲ ಆಕಸ್ಮಿಕವಾಗಿರಲಾರದು.

ಸುವರ್ಣಗಿರಿ ಯಾವುದು ಎಂಬುದರಲ್ಲಿ ಒಮ್ಮತವಿಲ್ಲ. ಮಸ್ಕಿ, ಕನಕಗಿರಿ, ಕರ್ನೂಲು ಜಿಲ್ಲೆಯ ಜೊನ್ನಗಿರಿ ಈ ಮೂರು ಸ್ಥಳಗಳನ್ನೂ ವಿದ್ವಾಂಸರು ಸೂಚಿಸಿದ್ದಾರೆ. ಸ್ಥಳನಾಮಗಳನ್ನು ಮಾತ್ರ ನಂಬಿ ಚಿನ್ನವನ್ನು ಹುಡುಕುವುದು ಅಪಾಯಕರ. ಬ್ರಹ್ಮಗಿರಿಯ ಬಳಿ ಹರಿಯುವ ಚಿನ್ನಹಗರಿಯ ಹೆಸರಿನಲ್ಲಿರುವುದು ಕನ್ನಡದ ಚಿನ್ನವಲ್ಲ, 'ಚಿಕ್ಕದು' ಎಂಬರ್ಥದ ತೆಲುಗು ಶಬ್ದ. ಎರಡು ಭಾಷೆಗಳು ಬೆರೆತ ಗಡಿಸೀಮೆಯಲ್ಲಿ ಇಂತಹ ಭ್ರಮೆಗೆ ಅವಕಾಶ ಹೆಚ್ಚು. ಮಸ್ಕಿಯ ವಿಷಯದಲ್ಲಾದರೋ ಹೆಸರಿಗಿಂತ ಬಲವಾದ ಸಾಕ್ಷ್ಯವಿದೆ. ಆ ಸುತ್ತಿನಲ್ಲಿ ಹಳೆಯ ಚಿನ್ನದ ಗಣಿಗಳ ಕುರುಹುಗಳಿವೆ. ೧೯೧೫ರಲ್ಲಿ ಅಲ್ಲಿಯ ಅಶೋಕ ಶಾಸನವನ್ನು ಮೊದಲು ಕಂಡವರು ಪುರಾತತ್ತ್ವಜ್ಞರಲ್ಲ, ನಿಜಾಮ್ ಸರ್ಕಾರದ ಪರವಾಗಿ ಚಿನ್ನವನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್.

೨

ಆಳದ ಪ್ರಶ್ನೆ ಹುಟ್ಟುವುದಕ್ಕೆ ಮೊದಲು ಮೇಲ್ಮೈಯ ಚಿನ್ನದ ಕಾಲವೊಂದು ಇದ್ದಿರಬೇಕು. ೧೯೬೩-೬೪ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಜನರ ಚಿನ್ನದ ಆಭರಣಗಳು ದೊರೆತವು. ಆ ಜನರ ಮುಖ್ಯ ಆಯುಧ ಕಲ್ಲಿನ ಕೊಡಲಿ. ಹಳ್ಳದ ಮರಳನ್ನು ತೊಳೆದು ಚಿನ್ನ ಪಡೆಯಲು ಕಬ್ಬಿಣ ಬೇಕಿಲ್ಲ. ಬೆಣಚುಕಲ್ಲಿನೊಳಗೆ ಅಡಗಿದ ಚಿನ್ನವನ್ನು ಹಿಂಬಾಲಿಸಲು ಬೇಕು. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಲ್ಲಿ ಕಲ್ಲಿನ ಕೊಡಲಿಯ ಸಂಸ್ಕೃತಿಯ ತರುವಾಯ ಬೃಹತ್‌ಶಿಲಾ ಸಮಾಧಿಗಳ ಜನರು ಕಬ್ಬಿಣದೊಡನೆ ಕಾಣಿಸಿಕೊಳ್ಳುತ್ತಾರೆ. ಉಳಿ, ಬೆಣೆ, ಸುತ್ತಿಗೆಗಳು ಕಬ್ಬಿಣದವಾದ ಮೇಲೆ ಮಾತ್ರ ಗಟ್ಟಿ ಶಿಲೆಯೊಳಗಿನ ಆಳವಾದ ಗಣಿ ಸಾಧ್ಯವಾಗುತ್ತದೆ.

ಹಾಗೆ ಸಾಧ್ಯವಾದ ಗಣಿ ಎಷ್ಟು ಆಳಕ್ಕೆ ಇಳಿಯಿತು? ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಆಧುನಿಕ ಗಣಿಗಾರರು ಕೆಲಸ ಮಾಡುವಾಗ ಹಿಂದಿನವರ ತೋಡುಗಳು ಅವರಿಗೆ ಮತ್ತೆ ಮತ್ತೆ ಎದುರಾದುವು. ಅವುಗಳಲ್ಲಿ ಅತ್ಯಂತ ಆಳವಾದುದು ೬೪೦ ಅಡಿ, ಎಂದರೆ ಸುಮಾರು ೧೯೫ ಮೀಟರ್. ಎಫ್. ಆರ್. ಆಲ್ಚಿನ್ ಅವರು ಪ್ರಾಚೀನ ಭಾರತದ ಚಿನ್ನದ ಗಣಿಗಾರಿಕೆಯನ್ನು ಕುರಿತು ೧೯೬೨ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಸಂಗತಿಯ ಮಹತ್ತ್ವವನ್ನು ವಿದ್ವತ್‌ಪ್ರಪಂಚಕ್ಕೆ ತಿಳಿಸಿತು. ಹಟ್ಟಿಯ ಹಳೆಯ ತೋಡಿನಲ್ಲಿ ದೊರೆತ ಮರದ ಇಂಗಾಲಕಾಲನಿರ್ಣಯವು ನಮ್ಮನ್ನು ಕ್ರಿಸ್ತಶಕದ ಆರಂಭದ ಆಸುಪಾಸಿಗೆ ಒಯ್ಯುತ್ತದೆ. ಕೋಲಾರದ ಹಳೆಯ ತೋಡುಗಳು ಸುಮಾರು ೨೦೦-೩೦೦ ಅಡಿಗಳವರೆಗೆ ಇಳಿದಿದ್ದುವು. ಅಲ್ಲಿಯ ಮರದ ಕಾಲ ಕ್ರಿಸ್ತಶಕದ ಮೊದಲ ಸಾವಿರ ವರ್ಷಗಳ ನಡುಭಾಗದ್ದು.

ಹೋಲಿಕೆಗಾಗಿ ಹೊರನಾಡುಗಳನ್ನು ನೋಡಬಹುದು. ಅಥೆನ್ಸ್ ನಗರದ ಸಿರಿಗೆ ಕಾರಣವಾದ ಲಾರಿಯಮ್ ಬೆಳ್ಳಿಯ ಗಣಿಗಳಲ್ಲಿ ಅತ್ಯಂತ ಆಳವಾದ ಕೂಪಗಳು ಸುಮಾರು ೧೨೦ ಮೀಟರ್. ಸ್ಪೇನಿನ ರಿಯೊ ಟಿಂಟೊ ಗಣಿಯಲ್ಲಿ ರೋಮನರು ಎಂಟು ಜೊತೆ ನೀರೆತ್ತುವ ಚಕ್ರಗಳನ್ನು ಒಂದರ ಮೇಲೊಂದು ಹೂಡಿ ಸುಮಾರು ೩೦ ಮೀಟರ್ ನೀರನ್ನು ಮೇಲಕ್ಕೆ ತಂದರು. ಇವುಗಳ ಮುಂದೆ ಹಟ್ಟಿಯ ೬೪೦ ಅಡಿ ಸಾಮಾನ್ಯವಾದುದಲ್ಲ.

೩

ಈ ಆಳಕ್ಕೆ ಅಡ್ಡಿಯಾದುವುಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯದು ಶಿಲೆ. ಬೆಣಚುಕಲ್ಲು ಉಳಿಗೆ ಸುಲಭವಾಗಿ ಮಣಿಯದು. ಅದನ್ನು ಮಣಿಸಿದುದು ಬೆಂಕಿ. ಬಂಡೆಯ ಮುಖಕ್ಕೆ ಕಟ್ಟಿಗೆ ಒಟ್ಟಿ ಸುಟ್ಟರೆ ಕಲ್ಲು ಹಿಗ್ಗಿ ಬಿರಿಯುತ್ತದೆ. ಬಿರಿದ ಕಲ್ಲನ್ನು ಬೆಣೆಯಿಂದ ಎಬ್ಬಿಸಬಹುದು. ಈ ವಿಧಾನದ ಗುರುತುಗಳು ಹಟ್ಟಿಯ ತೋಡುಗಳಲ್ಲಿ ಇದ್ದುವು. ಗಣಿಗಾರರು ಅದಿರಿನ ಎಳೆಯನ್ನು ಬಿಟ್ಟು ಆಚೆಯ ಬರಿಗಲ್ಲನ್ನು ಆದಷ್ಟು ಮುಟ್ಟುತ್ತಿರಲಿಲ್ಲ; ಆದುದರಿಂದ ತೋಡುಗಳು ಇಕ್ಕಟ್ಟಾಗಿ ಎಳೆಯ ಓರೆಯನ್ನೇ ಅನುಸರಿಸಿ ಇಳಿದಿವೆ. ಶಿಲೆಯ ಗಡಸುತನ ಆಳಕ್ಕೆ ತಕ್ಕಂತೆ ಬೆಳೆಯುತ್ತ ಹೋಗುವುದಿಲ್ಲ. ಮೇಲಿನ ಶಿಥಿಲ ಪದರವನ್ನು ದಾಟಿದವನಿಗೆ ೧೦೦ ಅಡಿಯ ಕಲ್ಲೂ ೬೦೦ ಅಡಿಯ ಕಲ್ಲೂ ಹೆಚ್ಚು ಕಡಿಮೆ ಒಂದೇ. ಆದಕಾರಣ ಶಿಲೆಯು ವೇಗವನ್ನು ತಗ್ಗಿಸಿತೇ ಹೊರತು ಆಳವನ್ನು ನಿಲ್ಲಿಸಲಿಲ್ಲ.

ಎರಡನೆಯದು ಗಾಳಿ. ಬೆಂಕಿಯೂ ದೀಪವೂ ಮನುಷ್ಯನೂ ಬಳಸುವುದು ಒಂದೇ ಗಾಳಿಯನ್ನು. ಒಂದೇ ಬಾಯಿಯ ತೋಡಿನಲ್ಲಿ ಕಟ್ಟಿಗೆ ಸುಟ್ಟರೆ ಹೊಗೆ ಹೊರಡಲು ಬಹಳ ಹೊತ್ತು ಬೇಕು. ಎರಡು ಬಾಯಿಗಳನ್ನು ಕೆಳಗೆ ಕೂಡಿಸಿದರೆ ಬೆಂಕಿಯೇ ಗಾಳಿಯನ್ನು ಸೆಳೆಯುತ್ತದೆ. ಆಳವಾದ ಗಣಿಗೆ ಹೀಗೆ ಒಂದಕ್ಕಿಂತ ಹೆಚ್ಚು ಕೂಪಗಳು ಅವಶ್ಯವಾಗುತ್ತವೆ. ಸೆಕೆಯಾದರೋ ಆ ಕಾಲದ ಗಣಿಗಾರನ ಶತ್ರುವಾಗಿರಲಿಲ್ಲ. ದಕ್ಷಿಣದ ಪ್ರಾಚೀನ ಶಿಲೆಗಳಲ್ಲಿ ಆಳಕ್ಕೆ ಹೋದಂತೆ ಉಷ್ಣತೆ ನಿಧಾನವಾಗಿ ಏರುತ್ತದೆ; ೬೪೦ ಅಡಿಯಲ್ಲಿ ಏರಿಕೆ ಎರಡು ಮೂರು ಡಿಗ್ರಿಗಳಷ್ಟೇ.

ಮೂರನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ ನೀರು. ನಮ್ಮ ಬಾವಿಗಳಿಂದ ನೀರೆತ್ತುತ್ತಿದ್ದ ಏತ, ಕಪಿಲೆಗಳು ಬಯಲಿನಲ್ಲಿ ನೆಟ್ಟಗೆ ತೋಡಿದ ಬಾವಿಗೆ ತಕ್ಕ ಸಾಧನಗಳು. ಓರೆಯಾಗಿಯೂ ಇಕ್ಕಟ್ಟಾಗಿಯೂ ಇಳಿಯುವ ತೋಡಿನಲ್ಲಿ ಎತ್ತಿನ ಕೆಲಸ ನಡೆಯದು. ಮಡಕೆಯಲ್ಲಿ ತುಂಬಿ ಕೈಯಿಂದ ಕೈಗೆ ಏರಿಸಬೇಕು. ಇಲ್ಲಿ ಸಣ್ಣದೊಂದು ಲೆಕ್ಕ ಉಪಯುಕ್ತವಾಗುತ್ತದೆ. ಒಬ್ಬ ಆಳು ದಿನಕ್ಕೆ ಎಂಟು ಗಂಟೆ ೭೫ ವಾಟ್‌ನಷ್ಟು ಶ್ರಮವನ್ನು ಸತತವಾಗಿ ಒದಗಿಸುವನೆಂದೂ ಅದರಲ್ಲಿ ಅರ್ಧ ವ್ಯರ್ಥವಾಗುವುದೆಂದೂ ಇಟ್ಟುಕೊಳ್ಳೋಣ. ೪೫ ಅಡಿ ಆಳದಿಂದ ಅವನು ದಿನಕ್ಕೆ ಸುಮಾರು ೮,೦೦೦ ಲೀಟರ್ ನೀರನ್ನು ಎತ್ತಬಲ್ಲನು. ೬೪೦ ಅಡಿಯಿಂದಾದರೆ ಸುಮಾರು ೫೬೦ ಲೀಟರ್ ಮಾತ್ರ. ತೋಡಿನೊಳಕ್ಕೆ ಕ್ಷಣಕ್ಕೆ ಒಂದೇ ಒಂದು ಲೀಟರ್ ನೀರು ಜಿನುಗಿದರೂ ದಿನಕ್ಕೆ ೮೬,೪೦೦ ಲೀಟರ್ ಆಯಿತು. ಅದನ್ನು ಬತ್ತಿಸಲು ೪೫ ಅಡಿಯಲ್ಲಿ ಹನ್ನೊಂದು ಮಂದಿ ಸಾಕು. ೬೪೦ ಅಡಿಯಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿ ಬೇಕು. ಅವರಲ್ಲಿ ಒಬ್ಬನೂ ಚಿನ್ನವನ್ನು ಮುಟ್ಟುವುದಿಲ್ಲ.

ಆದರೂ ಹಟ್ಟಿಯ ಜನ ಅಲ್ಲಿಗೆ ತಲಪಿದರೆಂಬುದು ನಿಜ. ಇದಕ್ಕೆ ಭೂಸ್ವರೂಪವೇ ಒಂದು ಕಾರಣವನ್ನು ಕೊಡುತ್ತದೆ. ದಖ್ಖನ್ನಿನ ಗಟ್ಟಿ ಶಿಲೆಯಲ್ಲಿ ನೀರು ಹೆಚ್ಚಾಗಿ ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿಯೂ ಅದರ ಕೆಳಗಿನ ಬಿರುಕುಗಳಲ್ಲಿಯೂ. ಇನ್ನೂ ಆಳದ ಶಿಲೆ ಬಹುಮಟ್ಟಿಗೆ ಒಣಗಿರುತ್ತದೆ. ಆ ನೀರನ್ನು ಮೇಲ್ಗಡೆಯೇ ತಡೆದು ಎತ್ತಿಬಿಟ್ಟರೆ ಪೂರ್ವೋಕ್ತ ಲೆಕ್ಕದ ಭಾರ ಬಹಳ ಇಳಿಯುತ್ತದೆ. ಬಾವಿಗಳ ನೀರು ಬತ್ತುವ ಬೇಸಗೆಯಲ್ಲಿ ಆಳದ ಕೆಲಸ ನಡೆಯುತ್ತಿದ್ದಿತೆಂದೂ ಊಹಿಸಬಹುದು. ಮಳೆ ಕಡಿಮೆಯಾದ ಸೀಮೆಯ ಬಡತನವೇ ಗಣಿಗಾರನಿಗೆ ಅನುಕೂಲವಾಗಿರಬೇಕು.

೪

ಇಷ್ಟಾದರೂ ನೂರಾರು ಜನರ ದುಡಿಮೆಯನ್ನು ಕೂಡಿಸಿ ನಡೆಸುವ ವ್ಯವಸ್ಥೆಯಿಲ್ಲದೆ ೬೪೦ ಅಡಿ ಸಾಧ್ಯವಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಈ ಮಾತನ್ನು ಚೆನ್ನಾಗಿ ಅರಿತಿದೆ. ಆಕರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುವಾಗ ಅದು ಕಿಟ್ಟ, ಮೂಸೆ, ಇದ್ದಲು, ಬೂದಿಗಳ ಗುರುತಿನಿಂದ ಹಿಂದೆ ಕೆಲಸ ನಡೆದ ಗಣಿಯನ್ನು ಪತ್ತೆಮಾಡಬೇಕೆನ್ನುತ್ತದೆ. ವೆಚ್ಚವೂ ಶ್ರಮವೂ ಹೆಚ್ಚಾದ ಗಣಿಯನ್ನು ಪಾಲಿಗೋ ಗುತ್ತಿಗೆಗೋ ಕೊಟ್ಟು, ಹಗುರವಾದುದನ್ನು ರಾಜನೇ ನಡೆಸಬೇಕೆಂದೂ ವಿಧಿಸುತ್ತದೆ. ಆಳವು ಹೆಚ್ಚಿದಂತೆ ಗಣಿ ಒಂದು ವರ್ಗದಿಂದ ಇನ್ನೊಂದಕ್ಕೆ ಜಾರುತ್ತದೆಂಬುದು ಸ್ಪಷ್ಟ. ಶಾಂತಿ, ಕೂಲಿ, ಕಟ್ಟಿಗೆ, ಧಾನ್ಯ ಇವುಗಳಲ್ಲಿ ಯಾವುದೊಂದು ಒಂದು ಮಳೆಗಾಲದಲ್ಲಿ ತಪ್ಪಿದರೂ ನೀರು ತುಂಬಿಕೊಳ್ಳುತ್ತದೆ. ಒಮ್ಮೆ ತುಂಬಿದ ಗಣಿಯನ್ನು ಮತ್ತೆ ಬತ್ತಿಸುವುದು ಹೊಸದಾಗಿ ತೋಡುವುದಕ್ಕಿಂತ ಕಷ್ಟ.

ವ್ಯವಸ್ಥೆ ಕುಗ್ಗಿದಾಗ ಆಳವೂ ಕುಗ್ಗಿತೆಂಬುದಕ್ಕೆ ೧೮೦೨ರ ಸಾಕ್ಷ್ಯವೊಂದಿದೆ. ಮೈಸೂರು ರಾಜ್ಯದ ಪೂರ್ವದ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಉರಿಗಾಂ, ಮಾರಿಕುಪ್ಪಂಗಳಲ್ಲಿ ಊರವರು ಚಿನ್ನ ತೆಗೆಯುವುದನ್ನು ಕಣ್ಣಾರೆ ಕಂಡನು. ಅವನು ನೋಡಿದ ಎರಡು ತೋಡುಗಳು ಸುಮಾರು ೩೦ ಹಾಗೂ ೪೫ ಅಡಿ ಆಳದವು. ನಡುನಡುವೆ ನಿಂತ ಆಳುಗಳು ಕಲ್ಲಿನ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ತರುತ್ತಿದ್ದರು. ಹೆಂಗಸರು ಅವನ್ನು ಬಂಡೆಯ ಮೇಲೆ ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ಅದೇ ನೆಲದಲ್ಲಿ ಪೂರ್ವಿಕರು ೨೦೦ ಅಡಿಗೂ ಕೆಳಗೆ ಇಳಿದಿದ್ದರು. ಕಬ್ಬಿಣವೂ ಬೆಂಕಿಯೂ ೧೮೦೨ರಲ್ಲಿ ಇಲ್ಲದಿರಲಿಲ್ಲ. ಇಲ್ಲದೆ ಹೋದುದು ನೀರಿನೊಡನೆ ಹೋರಾಡಲು ಬೇಕಾದ ಕೂಡುದುಡಿಮೆ. ಬಡ ಕುಟುಂಬಗಳು ತಮ್ಮ ಕೈಬಲಕ್ಕೆ ನಿಲುಕಿದಷ್ಟು ಆಳದಲ್ಲಿ ನಿಂತುವು.

೫

ಆಧುನಿಕ ಗಣಿಗಾರಿಕೆ ಈ ಮಿತಿಗಳನ್ನು ಒಂದರ ನಂತರ ಒಂದರಂತೆ ದಾಟಿತು. ೧೮೮೦ರಲ್ಲಿ ಕೋಲಾರದ ಕೆಲಸ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯ ಆಡಳಿತಕ್ಕೆ ಬಂದಿತು. ಮೊದಲ ವರ್ಷಗಳ ನಷ್ಟದ ಬಳಿಕ ಯಶಸ್ಸು ದೊರೆತುದು ಹಳೆಯ ತೋಡುಗಳ ತಳದಿಂದ ಕೆಳಗಿನ ಅದಿರನ್ನು ತಲಪಿದಾಗ. ಎಂದರೆ ಅಜ್ಞಾತರಾದ ಪೂರ್ವಿಕರೇ ಹೊಸಬರಿಗೆ ದಾರಿ ತೋರಿದವರು. ಸಿಡಿಮದ್ದು ಬೆಂಕಿಯ ಸ್ಥಾನವನ್ನೂ, ಪಂಪು ಮಡಕೆಯ ಸ್ಥಾನವನ್ನೂ ಪಡೆದುವು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಬಂದಿತು. ಚಾಂಪಿಯನ್ ರೀಫ್ ಗಣಿ ಹತ್ತು ಸಾವಿರ ಅಡಿಗಳನ್ನು ದಾಟಿ ಸುಮಾರು ೩.೨ ಕಿಲೋಮೀಟರ್ ಆಳವನ್ನು ಮುಟ್ಟಿತು. ಅಲ್ಲಿ ಹಿಂದಿನವರು ಕಾಣದ ಹೊಸ ಶತ್ರುಗಳು ಎದುರಾದುವು: ಶಿಲೆಯ ಉಷ್ಣತೆ ೬೫ ಡಿಗ್ರಿ ಸೆಲ್ಸಿಯಸ್‌ಗೂ ಏರಿತು, ಮೇಲಿನ ಭಾರಕ್ಕೆ ಬಂಡೆಗಳು ತಾವಾಗಿಯೇ ಸಿಡಿದು ಅನೇಕ ಕಾರ್ಮಿಕರ ಪ್ರಾಣವನ್ನು ತೆಗೆದುಕೊಂಡುವು.

ಆದರೆ ಈ ಗಣಿಯನ್ನು ಕೊನೆಗೆ ನಿಲ್ಲಿಸಿದುದು ಶಿಲೆಯೂ ಅಲ್ಲ, ಸೆಕೆಯೂ ಅಲ್ಲ, ವೆಚ್ಚ. ೨೦೦೧ರ ಫೆಬ್ರವರಿ ೨೮ರಂದು ಅದು ಮುಚ್ಚಿತು. ಪಂಪುಗಳು ನಿಂತ ಬಳಿಕ ನೀರು ತೋಡುಗಳನ್ನು ತುಂಬುತ್ತ ಬಂದಿತು. ಎರಡು ಸಾವಿರ ವರ್ಷಗಳ ಹಿಂದೆ ನಡೆದ ನಿಯಮವೇ ಇಲ್ಲಿಯೂ ನಡೆಯಿತು.

ಒಟ್ಟಿನಲ್ಲಿ ಈ ಪರಿಶೀಲನೆಯಿಂದ ತಿಳಿದುಬರುವುದಿಷ್ಟು. ಪ್ರಾಚೀನ ಗಣಿಯ ಆಳವನ್ನು ಉಪಕರಣಗಳ ಉತ್ತಮಿಕೆಯಿಂದ ಮಾತ್ರ ಅಳೆಯಲಾಗದು. ಒಂದೇ ಬಗೆಯ ಉಪಕರಣದಿಂದ ೪೫ ಅಡಿಯೂ ಸಾಧ್ಯ, ೬೪೦ ಅಡಿಯೂ ಸಾಧ್ಯ. ಇವೆರಡರ ನಡುವಣ ಅಂತರ ನೀರೆತ್ತುವ ಕೈಗಳ ಸಂಖ್ಯೆಯಲ್ಲಿಯೂ ಆ ಕೈಗಳಿಗೆ ಅನ್ನವಿಟ್ಟ ವ್ಯವಸ್ಥೆಯಲ್ಲಿಯೂ ಇದೆ. ಆದುದರಿಂದ ಆಳವಾದ ಗಣಿಯೊಂದು ತನ್ನ ಕಾಲದ ಸಮಾಜವನ್ನು ಕುರಿತು ಶಾಸನದಷ್ಟೇ ಪ್ರಮಾಣವಾದ ದಾಖಲೆ. ಸುವರ್ಣಗಿರಿಯ ಆರ್ಯಪುತ್ರನ ಆಜ್ಞೆ ಬ್ರಹ್ಮಗಿರಿಯ ಬಂಡೆಯ ಮೇಲೆ ಉಳಿದಿದೆ. ಗಣಿಯಲ್ಲಿ ಮಡಕೆ ದಾಟಿಸಿದವರ ದಾಖಲೆ ತೋಡುಗಳಲ್ಲಿ ಮಾತ್ರ ಇದೆ.

ಆ ದಾಖಲೆ ಅಳಿಯುತ್ತಿದೆ. ಕೋಲಾರದಲ್ಲಿ ಹಳೆಯ ತೋಡುಗಳನ್ನು ಹೊಸ ಗಣಿ ನುಂಗಿತು, ಹೊಸ ಗಣಿಯನ್ನು ನೀರು ನುಂಗಿತು. ಹಟ್ಟಿಯಲ್ಲಿ ಗಣಿ ಇಂದಿಗೂ ನಡೆಯುತ್ತಿರುವುದರಿಂದ ಅಲ್ಲಿಯ ಅವಶೇಷಗಳಿಗೂ ಅಭಯವಿಲ್ಲ. ಚಿತ್ರದುರ್ಗದ ಬಳಿಯ ಇಂಗಳದಾಳಿನ ತಾಮ್ರದ ಪ್ರದೇಶದಲ್ಲಿಯೂ ಹಳೆಯ ತೋಡುಗಳಿವೆ. ಗಣಿ ಸಂಸ್ಥೆಗಳ ಹಳೆಯ ನಕ್ಷೆಗಳು, ಭೂವಿಜ್ಞಾನಿಗಳ ವರದಿಗಳು, ಸುತ್ತಣ ಊರುಗಳಲ್ಲಿ ಉಳಿದ ಒರಳುಗುಳಿಗಳು, ಗುಂಡುಕಲ್ಲುಗಳು ಮತ್ತು ಕಸುಬಿನ ಮಾತುಗಳು ಇವನ್ನೆಲ್ಲ ಒಂದೆಡೆ ಕೂಡಿಸಿ ತೋಡು ತೋಡಿಗೂ ಆಳದ ಪಟ್ಟಿಯನ್ನು ಸಿದ್ಧಪಡಿಸುವುದು ಇತಿಹಾಸ ಹಾಗೂ ಭೂವಿಜ್ಞಾನಗಳೆರಡೂ ಕೂಡಿ ಮಾಡಬೇಕಾದ ಕೆಲಸ. ಕರ್ನಾಟಕದ ಆರ್ಥಿಕ ಇತಿಹಾಸದಲ್ಲಿ ಶ್ರಮಿಕರ ಅಧ್ಯಾಯವನ್ನು ಬರೆಯುವುದಕ್ಕೆ ಅಂತಹ ಪಟ್ಟಿಯೇ ಆಧಾರವಾಗಬಲ್ಲುದು.